ಸಾಕ್ಷಿಯಿಂದ ‘ಸೀ’ ಹುಟ್ಟಲಿಲ್ಲ

ಮಾನ್ಯರೇ,

ಇಂಗ್ಲಿಷಿನ ‘ಸೀ’ ಕ್ರಿಯಾಪದದ ಅರ್ಥಗಳನ್ನೂ ಮೂಲವನ್ನೂ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಸ್ಥಳಾಭಾವದ ನೆಪ ಹೇಳಿ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ವಿಷಯ ಒಳ್ಳೆಯದು, ನಿಮ್ಮ ವಾಕ್ಯಗಳಲ್ಲಿ ಓಟವಿದೆ, ಆಗಿರುವ ತಪ್ಪುಗಳು ತಿದ್ದಿಕೊಳ್ಳಲು ಬರುವಂಥವು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

‘ಸೀ’ ಪದವು ಸಂಸ್ಕೃತದ ‘ಸಾಕ್ಷಿ’ಯಿಂದ ಬಂದಿದೆ ಎಂದು ಎರಡನೆಯ ಪುಟದಲ್ಲಿ ಘೋಷಿಸಿ, ಉಳಿದ ಲೇಖನವನ್ನೆಲ್ಲ ಅದರ ಮೇಲೆಯೇ ಕಟ್ಟಿದ್ದೀರಿ. ಎರಡೂ ಸಕಾರದಿಂದ ಆರಂಭವಾಗುತ್ತವೆ, ಎರಡಕ್ಕೂ ನೋಟದ ಸಂಬಂಧವಿದೆ ಎಂಬುದಕ್ಕಿಂತ ಹೆಚ್ಚಿನ ಆಧಾರವನ್ನು ನೀವು ಕೊಟ್ಟಿಲ್ಲ. ದನಿ ಹೋಲಿದರೆ ಸಾಕೆನ್ನುವುದಾದರೆ, ಅನ್ನ ಸೀದುಹೋಯಿತು ಎನ್ನುವಲ್ಲಿನ ನಮ್ಮ ‘ಸೀ’ ಏನು ಪಾಪ ಮಾಡಿತ್ತು? ದನಿ, ಅರ್ಥ ಎರಡೂ ಹೋಲಿದರೂ ನಂಟು ಇಲ್ಲದಿರುವುದುಂಟು. ಬದ್ಮಾಶ್, ಬದನಾಮಿ ಎಂಬ ಮಾತುಗಳಲ್ಲಿರುವ ಪಾರಸಿಯ ‘ಬದ್’ಗೂ ಇಂಗ್ಲಿಷಿನ ‘ಬ್ಯಾಡ್’ಗೂ ಅರ್ಥ ಒಂದೇ, ಉಚ್ಚಾರವೂ ಹೆಚ್ಚುಕಡಿಮೆ ಒಂದೇ, ಆದರೂ ಅವುಗಳ ನಡುವೆ ಯಾವ ಬಳಗವೂ ಇಲ್ಲ.

ಪದದ ಮೂಲವನ್ನು ಹುಡುಕುವವರು ಸಿಗುವ ಅತ್ಯಂತ ಹಳೆಯ ರೂಪದಿಂದ ಹೊರಡಬೇಕು. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ‘ಸೇಒನ್’. ನೋಡಿದೆನು ಎನ್ನಲು ‘ಸೆಅಹ್’, ನೋಡಿದೆವು ಎನ್ನಲು ‘ಸಾವೊನ್’. ಒಂದೇ ಪದದ ಏಕವಚನದಲ್ಲಿ ಹಕಾರ, ಬಹುವಚನದಲ್ಲಿ ವಕಾರ ಏಕೆ ಎಂಬ ಪ್ರಶ್ನೆ ನಿಮಗೆ ಹೊಳೆದಿದ್ದರೆ ಅರ್ಧ ದಾರಿ ಸವೆದಂತಾಗುತ್ತಿತ್ತು. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಇಂಗ್ಲಿಷ್, ಜರ್ಮನ್‌ಗಳ ಬಳಗದ ಹಳೆಯ ಭಾಷೆಯಾದ ಗಾಥಿಕ್‌ಗೆ ಮಾಡಿದ ಬೈಬಲ್ ಅನುವಾದದಲ್ಲಿ ಇದೇ ಪದ ‘ಸೆಹ್ವನ್’ ಎಂದಿದೆ. ಅಲ್ಲಿ ಹಕಾರ ವಕಾರಗಳು ಇನ್ನೂ ಒಟ್ಟಿಗೇ ಇವೆ. ಜರ್ಮನ್ ತನ್ನ ‘ಸೆಹೆನ್’ನಲ್ಲಿ ಹಕಾರವನ್ನು ಬರಹದಲ್ಲಾದರೂ ಉಳಿಸಿಕೊಂಡಿದೆ, ಇಂಗ್ಲಿಷ್ ಸ್ವರಗಳ ನಡುವಿನ ಹಕಾರವನ್ನು ಕಳೆದುಕೊಂಡು ಕೊನೆಗೆ ‘ಸೀ’ ಎಂಬ ಒಂದಕ್ಷರಕ್ಕೆ ಇಳಿದಿದೆ.

ಈ ‘ಹ್ವ’ದ ಹಿಂದೆ ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಮುಂತಾದವಕ್ಕೆ ತಾಯಿಯಾದ ಇಂಡೋ-ಯುರೋಪಿಯನ್ ಮೂಲಭಾಷೆಯ ‘ಸೆಕ್ವ್’ ಎಂಬ ಧಾತುವನ್ನು ವಿದ್ವಾಂಸರು ಊಹಿಸುತ್ತಾರೆ. ಹಿಂಬಾಲಿಸು ಎಂಬ ಅರ್ಥದಲ್ಲಿಯೂ ಇದೇ ರೂಪದ ಧಾತುವಿದೆ. ಲ್ಯಾಟಿನ್ನಿನ ‘ಸೆಕ್ವಿ’ ಅದರದ್ದು, ಇಂಗ್ಲಿಷಿನ ‘ಸೀಕ್ವೆಲ್’, ‘ಸೆಕೆಂಡ್’ ಆ ಮನೆಯ ಮಕ್ಕಳು. ನೋಡುವುದೆಂದರೆ ಕಣ್ಣಿನಿಂದ ಹಿಂಬಾಲಿಸುವುದು, ಆದ್ದರಿಂದ ಎರಡೂ ಧಾತುಗಳು ಒಂದೇ ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ. ಒಪ್ಪಿದರೆ ಸೊಗಸಾದ ಸಂಗತಿಯೊಂದು ಸಿಗುತ್ತದೆ. ಲ್ಯಾಟಿನ್ನಿನಲ್ಲಿ ‘ಕ್ವ’ ಇರುವ ಹಲವೆಡೆ ಸಂಸ್ಕೃತದಲ್ಲಿ ‘ಚ’ ಇರುತ್ತದೆ: ‘ಕ್ವಿಂಕ್ವೆ’ಗೆ ‘ಪಂಚ’, ‘ಕ್ವಾತ್ತುವೋರ್’ಗೆ ‘ಚತ್ವಾರಿ’. ಅದೇ ಕ್ರಮದಲ್ಲಿ ‘ಸೆಕ್ವಿ’ಗೆ ಸಂಸ್ಕೃತದಲ್ಲಿ ಜೊತೆಗೂಡು ಎಂಬರ್ಥದ ‘ಸಚ್’ ಇದೆ. ಅದರಿಂದಲೇ ‘ಸಚಿವ’ ಬಂದಿದೆ. ನಿಮ್ಮ ‘ಸೀ’ಗೆ ಸಂಸ್ಕೃತದಲ್ಲಿ ನೆಂಟರಿದ್ದರೆ ಅವರನ್ನು ಸಾಕ್ಷಿಕಟ್ಟೆಯಲ್ಲಿ ಹುಡುಕುವ ಬದಲು ವಿಧಾನಸೌಧದಲ್ಲಿ ಹುಡುಕಬೇಕು.

ಹಾಗೆಂದು ‘ಸಾಕ್ಷಿ’ಯನ್ನು ಲೇಖನದಿಂದ ಓಡಿಸಬೇಡಿ. ಅದರೊಳಗಿನ ‘ಅಕ್ಷಿ’ಯೂ ಲ್ಯಾಟಿನ್ನಿನ ‘ಓಕುಲುಸ್’ ಕೂಡ ಕಣ್ಣು ಎಂಬರ್ಥದ ಇಂಗ್ಲಿಷಿನ ‘ಐ’ಗೆ ರಕ್ತಸಂಬಂಧಿಗಳು. ನೀವು ಬಾಗಿಲು ತಟ್ಟಿದ್ದು ಸರಿಯಾದ ಬೀದಿಯಲ್ಲಿ, ಪಕ್ಕದ ಮನೆಯದನ್ನು. ಇದಕ್ಕಿಂತ ದೊಡ್ಡ ನಂಟೊಂದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ನೋಡು ಎಂಬರ್ಥದ ಲ್ಯಾಟಿನ್ನಿನ ‘ವಿದೇರೆ’, ತಿಳಿ ಎಂಬರ್ಥದ ಸಂಸ್ಕೃತದ ‘ವಿದ್’, ಇಂಗ್ಲಿಷಿನ ‘ವಿಟ್’ ಮತ್ತು ‘ವೈಸ್’ ಒಂದೇ ಧಾತುವಿನವು. ಗ್ರೀಕಿನ ‘ಓಯ್ದ’ ಎಂಬ ರೂಪವಂತೂ ಕಂಡಿದ್ದೇನೆ ಎಂಬಲ್ಲಿಂದ ಹೊರಟು ಬಲ್ಲೆ ಎಂಬಲ್ಲಿಗೆ ಬಂದು ನಿಂತಿದೆ. ‘ವಿಡಿಯೊ’ವನ್ನೂ ‘ವೇದ’ವನ್ನೂ ಒಂದೇ ಧಾತುವಿಗೆ ಕಟ್ಟಬಹುದಾದ ಅವಕಾಶವಿದ್ದಾಗ, ಮೊದಲ ಪುಟದಲ್ಲಿ ನಿಮ್ಮ ಶಾಲೆಯ ಇಂಗ್ಲಿಷ್ ತರಗತಿಯ ನೆನಪುಗಳನ್ನು ತುಂಬಿದ್ದೇಕೆಂದು ನನಗೆ ತಿಳಿಯಲಿಲ್ಲ. ಆ ಪುಟವನ್ನು ತೆಗೆದುಹಾಕಿ.

ಪೋಪರ ಪೀಠಕ್ಕಿರುವ ‘ಹೋಲಿ ಸೀ’ ಎಂಬ ಹೆಸರಿನಲ್ಲಿನ ‘ಸೀ’ಯನ್ನು ಭಕ್ತರ ಮೇಲೆ ಕಣ್ಣಿಟ್ಟಿರುವವರ ಪೀಠ ಎಂದು ವಿವರಿಸಿರುವುದೂ ತಪ್ಪು. ಅದು ಆಸನ ಎಂಬರ್ಥದ ಲ್ಯಾಟಿನ್ನಿನ ‘ಸೇದೆಸ್’ನಿಂದ ಫ್ರೆಂಚಿನ ಮೂಲಕ ಬಂದ ಬೇರೆಯೇ ಪದ, ನಮ್ಮ ‘ಸದನ’, ‘ಪರಿಷತ್ತು’ಗಳಲ್ಲಿರುವ ‘ಸದ್’ ಧಾತು ಅದರ ಬಳಗ.

ಇನ್ನು ಅರ್ಥಗಳ ವಿಚಾರ. ನಿಘಂಟಿನಿಂದ ಹದಿನೇಳು ಅರ್ಥಗಳನ್ನು ಎತ್ತಿ ಸಾಲಾಗಿ ಇಟ್ಟಿದ್ದೀರಿ. ಓದುಗನಿಗೆ ನಿಘಂಟು ಬೇಕಿದ್ದರೆ ಅವನೇ ತೆಗೆದು ನೋಡುತ್ತಾನೆ. ಒಂದು ಅರ್ಥದಿಂದ ಇನ್ನೊಂದಕ್ಕೆ ಪದ ಹೇಗೆ ದಾಟಿತು ಎಂಬುದನ್ನು ಹೇಳುವುದು ನಿಮ್ಮ ಕೆಲಸ. ಅದಕ್ಕೆ ಬೇಕಾದ ಸಲಕರಣೆ ನಿಮ್ಮ ಬಾಯಲ್ಲೇ ಇದೆ. ‘ಡಾಕ್ಟರನ್ನು ಕಂಡು ಬಾ’ ಎಂದಾಗ ಕಾಣುವುದು ಭೇಟಿಯಾಗುವುದಾಗುತ್ತದೆ. ‘ಅವಳು ಸುಖ ಕಂಡವಳಲ್ಲ’ ಎಂದಾಗ ಅನುಭವಿಸುವುದಾಗುತ್ತದೆ. ‘ನನಗೆ ಹಾಗೆ ಕಾಣುವುದಿಲ್ಲ’ ಎಂದಾಗ ಅಭಿಪ್ರಾಯವಾಗುತ್ತದೆ. ‘ನೋಡು’ವಿಗೆ ‘ಕೊಳ್ಳು’ ಸೇರಿದೊಡನೆ ಮಗುವನ್ನು ನೋಡಿಕೊಳ್ಳುವ ಹೊಣೆ ಹುಟ್ಟುತ್ತದೆ. ಇಂಗ್ಲಿಷ್ ‘ಸೀ’ಗೆ ‘ಟು’ ಸೇರಿಸಿ ಮಾಡುವುದೂ ಬಹುಮಟ್ಟಿಗೆ ಇದನ್ನೇ.

ಎಲ್ಲ ಕಡೆ ಹೀಗೆ ಸರಿಹೊಂದುವುದಿಲ್ಲ ಎಂಬುದಕ್ಕೆ ನಿಮ್ಮ ಐದನೆಯ ಪುಟವೇ ನಿದರ್ಶನ. ‘ಹೀ ಈಸ್ ಸೀಯಿಂಗ್ ಸಮ್‌ಒನ್’ ಎಂಬುದನ್ನು ‘ಅವನು ಹೆಣ್ಣು ನೋಡುತ್ತಿದ್ದಾನೆ’ ಎಂದು ಅನುವಾದಿಸಿದ್ದೀರಿ. ಹೆಣ್ಣು ನೋಡುವುದೆಂದರೆ ಹಿರಿಯರು, ಜಾತಕ, ಉಪ್ಪಿಟ್ಟು, ಕೇಸರಿಬಾತು. ಇಂಗ್ಲಿಷಿನ ವಾಕ್ಯದಲ್ಲಿರುವುದು ಯಾರನ್ನೂ ಕೇಳದೆ ಈಗಾಗಲೇ ಜೊತೆಯಾಗಿ ಓಡಾಡುತ್ತಿರುವ ಜೋಡಿ. ನಗು ಬಂತು, ಆದರೆ ಅಚ್ಚಾದರೆ ಓದುಗರು ನಮ್ಮಿಬ್ಬರನ್ನೂ ನೋಡಿ ನಗುತ್ತಾರೆ.

‘ಸೀ’ ಮತ್ತು ‘ಲುಕ್’ ನಡುವಿನ ಭೇದಕ್ಕೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ. ನನ್ನ ಲೆಕ್ಕದಲ್ಲಿ ಅಲ್ಲಿ ಒಂದು ಪುಟವಾದರೂ ಬೇಕು. ‘ನಾನು ಬೆಟ್ಟವನ್ನು ನೋಡುತ್ತೇನೆ’ ಎಂಬಲ್ಲಿ ಕೆಲಸ ನನ್ನದು. ‘ನನಗೆ ಬೆಟ್ಟ ಕಾಣುತ್ತದೆ’ ಎಂಬಲ್ಲಿ ಬೆಟ್ಟವೇ ಕರ್ತೃ, ನಾನು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ನಿಂತಿದ್ದೇನೆ. ಇಂಗ್ಲಿಷ್ ‘ಸೀ’ ಅರ್ಥದಲ್ಲಿ ‘ಕಾಣು’ವಿನ ಕಡೆಯದು, ವ್ಯಾಕರಣದಲ್ಲಿ ಮಾತ್ರ ನೋಡುವವನನ್ನೇ ಕರ್ತೃವಾಗಿ ಕೂರಿಸುತ್ತದೆ. ಈ ಇಬ್ಬಂದಿಯನ್ನು ಗಮನಿಸಿದರೆ, ‘ಐ ಆಮ್ ಸೀಯಿಂಗ್ ಎ ಬರ್ಡ್’ ಎನ್ನುವ ನಮ್ಮವರ ಇಂಗ್ಲಿಷ್ ಅಲ್ಲಿನವರ ಕಿವಿಗೆ ಏಕೆ ಒರಟಾಗಿ ಕೇಳುತ್ತದೆ ಎಂಬುದೂ ಬಿಡಿಸಿಕೊಳ್ಳುತ್ತದೆ. ‘ಕಾಣ್’ ಧಾತುವಿಗೆ 1894ರ ಕಿಟ್ಟೆಲ್ ನಿಘಂಟನ್ನು ತೆರೆದು ಕುಳಿತುಕೊಳ್ಳಿ. ರಾಜನನ್ನು ಕಾಣಲು ಹೋದವನು ಕೊಡುವ ‘ಕಾಣಿಕೆ’ಯಿಂದ ಹಿಡಿದು ಬಹಳಷ್ಟು ಸಿಗುತ್ತದೆ.

ಒಂದು ತಪ್ಪೊಪ್ಪಿಗೆಯೂ ಇದೆ. ‘ಬೆಲೆ ಏರಿಕೆ ಕಂಡಿದೆ’ ಎಂಬಂಥ ವಾಕ್ಯಗಳನ್ನು ನೀವು ಶುದ್ಧ ಕನ್ನಡದ ಉದಾಹರಣೆಯಾಗಿ ಕೊಟ್ಟಿದ್ದೀರಿ. ಬೆಲೆಗೆ ಕಣ್ಣಿಲ್ಲ, ಇಂಗ್ಲಿಷ್ ವರದಿಗಳಲ್ಲಿ ವರ್ಷಗಳೂ ಮಾರುಕಟ್ಟೆಗಳೂ ಏನನ್ನಾದರೂ ‘ಸೀ’ ಮಾಡುತ್ತಿರುವುದರ ನೆರಳು ಇದು ಎಂದೇ ನನ್ನ ನಂಬಿಕೆ. ‘ಬೆಲೆ ಏರಿದೆ’ ಎಂದರೆ ಸಾಕು. ಇಂಥ ವಾಕ್ಯಗಳನ್ನು ನಾನೂ ಅವಸರದಲ್ಲಿ ಎಷ್ಟೋ ಸಲ ಅಚ್ಚಿಗೆ ಬಿಟ್ಟಿದ್ದೇನೆ. ನಿಮ್ಮ ಲೇಖನದಲ್ಲಿ ಅದನ್ನು ದೋಷದ ಉದಾಹರಣೆಯಾಗಿ ಬಳಸಿದರೆ ಬೇಸರವಿಲ್ಲ.

ಮುಂದಿನ ಸಲ ‘ಹಿಯರ್’ ಬಗ್ಗೆ ಬರೆಯುವ ಆಸೆಯಿದೆ ಎಂದಿದ್ದೀರಿ. ಇಂಗ್ಲಿಷಿನ ‘ಒಬೇ’ ಪದದೊಳಗೆ ಕೇಳು ಎಂಬರ್ಥದ ಲ್ಯಾಟಿನ್ ‘ಆಉದೀರೆ’ ಅಡಗಿದೆ, ನಮ್ಮಲ್ಲಿಯೂ ಮಾತು ಕೇಳದ ಮಗನೆಂದರೆ ಕಿವುಡನೆಂದು ಅರ್ಥವಲ್ಲ. ಆ ಎಳೆಯನ್ನು ಬರೆದಿಟ್ಟುಕೊಳ್ಳಿ. ಆದರೆ ಮೊದಲು ‘ಸೀ’ಯನ್ನು ತಿದ್ದಿ, ಈಗಿನ ಅರ್ಧದಷ್ಟು ಉದ್ದದಲ್ಲಿ ಕಳುಹಿಸಿ.

ವಿಶ್ವಾಸಪೂರ್ವಕ,
ಸಂಪಾದಕ