ಅಟ್ಲಾಂಟಿಕ್ ದಾಟಿ ಬರುವ ಪೆಕ್ಟೋರಲ್ ಸ್ಯಾಂಡ್‌ಪೈಪರ್

ಪ್ರಶ್ನೆ: ಪೆಕ್ಟೋರಲ್ ಸ್ಯಾಂಡ್‌ಪೈಪರ್ ಬ್ರಿಟನ್ನಿನ ಹಕ್ಕಿಯಲ್ಲದಿದ್ದರೂ ಪ್ರತಿ ವರ್ಷ ಅಲ್ಲಿ ಕೆಲವು ಕಾಣಸಿಗುತ್ತವೆ ಎಂದು ಓದಿದ್ದೇನೆ. ಅಷ್ಟು ಸಣ್ಣ ಹಕ್ಕಿ ಸಾಗರ ದಾಟಿ ಬರುವುದಾದರೂ ಹೇಗೆ? ಅದನ್ನು ಗುರುತಿಸುವ ಬಗೆ ಯಾವುದು? ಬಂದದ್ದು ಮರಳಿ ಹೋಗುತ್ತದೆಯೇ?

ಉತ್ತರ: ನೀರಂಚಿನ ಕೆಸರಿನಲ್ಲಿ ನಡೆದಾಡುತ್ತಾ ಹುಳುಹುಪ್ಪಟೆ ಹೆಕ್ಕಿ ತಿನ್ನುವ ಈ ಹಕ್ಕಿ ಗೊರವಗಳ ಬಳಗಕ್ಕೆ ಸೇರಿದ್ದು. ಸೈಬೀರಿಯಾ, ಅಲಾಸ್ಕಾ ಮತ್ತು ಉತ್ತರ ಕೆನಡಾದ ಹಿಮಬಯಲುಗಳಲ್ಲಿ ಮರಿ ಮಾಡುವ ಇದು ಚಳಿಗಾಲವನ್ನು ಕಳೆಯುವುದು ಬಹುಪಾಲು ದಕ್ಷಿಣ ಅಮೆರಿಕದ ಹುಲ್ಲುಗಾವಲುಗಳಲ್ಲಿ. ಸೈಬೀರಿಯಾದಲ್ಲಿ ಹುಟ್ಟಿದವುಗಳಲ್ಲಿಯೂ ಹೆಚ್ಚಿನವು ಮೊದಲು ಪೂರ್ವಕ್ಕೆ ಹಾರಿ, ಅಮೆರಿಕ ಖಂಡವನ್ನು ಸೇರಿಕೊಂಡು, ಆಮೇಲೆ ದಕ್ಷಿಣಕ್ಕೆ ಇಳಿಯುತ್ತವೆ. ಇಂಥ ದೂರದ ಪಯಣಿಗನಿಗೆ ಅಟ್ಲಾಂಟಿಕ್ ಸಾಗರವು ನಾವು ಭಾವಿಸುವಷ್ಟು ದೊಡ್ಡ ಅಡ್ಡಿಯೇನಲ್ಲ.

ಬ್ರಿಟನ್ ಮತ್ತು ಐರ್ಲೆಂಡಿಗೆ ಇವು ಹೆಚ್ಚಾಗಿ ಬರುವುದು ಸೆಪ್ಟೆಂಬರಿನ ಆಸುಪಾಸಿನಲ್ಲಿ, ಮತ್ತು ಬಂದವುಗಳಲ್ಲಿ ಬಹುತೇಕ ಅದೇ ಬೇಸಿಗೆಯಲ್ಲಿ ಹುಟ್ಟಿದ ಎಳೆಯ ಹಕ್ಕಿಗಳು. ಗಂಡು ಹಕ್ಕಿಯು ಮರಿಗಳನ್ನು ಸಾಕುವುದೇ ಇಲ್ಲ. ಕಾವು ಕೊಟ್ಟು ಸಲಹುವ ಹೆಣ್ಣೂ ಮರಿಗಳಿಗಿಂತ ಮೊದಲೇ ಹೊರಟುಹೋಗುತ್ತದೆ. ಹೀಗಾಗಿ ದಾರಿ ತೋರಿಸುವ ಹಿರಿಯರಿಲ್ಲದೆ, ಹುಟ್ಟಿನಿಂದಲೇ ಬಂದ ದಿಕ್ಕಿನ ಅರಿವನ್ನಷ್ಟೇ ನಂಬಿ ಹೊರಡುವ ಈ ಎಳೆಯವು ಉತ್ತರ ಅಮೆರಿಕದ ಪೂರ್ವ ಕರಾವಳಿಯಾಚೆಗೆ ಹಾರುವಾಗ ವಾಯುಭಾರ ಕುಸಿತದ ಬಲವಾದ ಪಡುಗಾಳಿಗೆ ಸಿಕ್ಕಿದರೆ, ಗಾಳಿ ಅವುಗಳನ್ನು ಯುರೋಪಿನ ಕಡೆಗೆ ತಳ್ಳುತ್ತದೆ. ಆದರೆ ಎಲ್ಲವನ್ನೂ ಗಾಳಿಯ ಮೇಲೆ ಹೊರಿಸುವುದು ಸರಿಯಲ್ಲ. ಯುರೋಪಿನ ಪೂರ್ವ ಭಾಗದಲ್ಲಿ ಕಾಣುವ ಕೆಲವು ಹಕ್ಕಿಗಳು ಸೈಬೀರಿಯಾದಿಂದ ನೆಲದ ಮೇಲೆಯೇ ಪಶ್ಚಿಮಕ್ಕೆ ಬಂದಿರುವ ಸಂಭವವೂ ಇದೆ.

ಅಲೆಮಾರಿತನ ಈ ಜಾತಿಗೆ ಹೊಸದೂ ಅಲ್ಲ. ಅಲಾಸ್ಕಾದಲ್ಲಿ ಗಂಡುಗಳಿಗೆ ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ನಡೆಸಿ, 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಗಂಡು ಒಂದೇ ಹಂಗಾಮಿನಲ್ಲಿ ಸಂಗಾತಿಗಳನ್ನು ಹುಡುಕುತ್ತಾ 24 ತಾಣಗಳಿಗೆ ಭೇಟಿ ಕೊಟ್ಟದ್ದು ಕಂಡುಬಂದಿತು. ಎಳೆಯ ಹಕ್ಕಿಗಳು ದಾರಿ ತಪ್ಪುವುದಕ್ಕೆ ಇದೇ ಕಾರಣವೆಂದು ಹೇಳಲಾಗದು. ಆದರೂ ಸಾವಿರಾರು ಕಿಲೋಮೀಟರ್ ಸುತ್ತುವುದು ಇದರ ಮೈಗೆ ಒಗ್ಗಿದ ಕೆಲಸ ಎಂಬುದಂತೂ ಸ್ಪಷ್ಟ.

ಗುರುತಿಸುವಾಗ ಎದೆಯನ್ನೇ ಮೊದಲು ನೋಡಬೇಕು. ಕಂದು ಬಣ್ಣದ ಒತ್ತೊತ್ತಾದ ಗೀರುಗಳು ಎದೆಯ ಕೆಳಗೆ ಬಂದು, ಗೆರೆ ಎಳೆದಂತೆ ಥಟ್ಟನೆ ನಿಂತು, ಅಲ್ಲಿಂದ ಬಿಳಿ ಹೊಟ್ಟೆ ಆರಂಭವಾಗುತ್ತದೆ. ಕಾಲು ಹಳದಿ ಛಾಯೆಯದು. ಕೊಕ್ಕು ತುಸು ಕೆಳಬಾಗಿದ್ದು ಬುಡದಲ್ಲಿ ಮಸುಕಾಗಿರುತ್ತದೆ. ತೆರೆದ ಕಡಲತೀರಕ್ಕಿಂತ ಹುಲ್ಲು ಬೆಳೆದ ಸಿಹಿನೀರಿನ ಕೊಳಗಳ ಅಂಚೇ ಇದಕ್ಕೆ ಇಷ್ಟವಾದ್ದರಿಂದ, ಮರಳಿನ ಮೇಲೆ ಹುಡುಕಿ ನಿರಾಶರಾಗುವ ವೀಕ್ಷಕರೂ ಇದ್ದಾರೆ.

ಮರಳುವ ವಿಚಾರ: ಬಂದ ಹಕ್ಕಿ ಕೆಲವು ದಿನ ಮೇಯ್ದು, ಮೈ ತುಂಬಿಕೊಂಡು, ಸಾಮಾನ್ಯವಾಗಿ ದಕ್ಷಿಣಕ್ಕೇ ಹೊರಡುತ್ತದೆ, ಆದರೆ ಸಾಗರದ ತಪ್ಪು ದಡದಲ್ಲಿ. ವಸಂತದಲ್ಲಿ ಯುರೋಪಿನಲ್ಲಿ ಅಪರೂಪಕ್ಕೆ ಕಾಣುವ ಕೆಲವು ಹಕ್ಕಿಗಳು ಹೀಗೆ ಹಿಂದಿನ ವರ್ಷ ಸಾಗರದ ಈಚೆ ದಡಕ್ಕೆ ಬಂದು, ಈಗ ಉತ್ತರಕ್ಕೆ ಹೊರಟವೇ ಇರಬೇಕು ಎಂದು ಪಕ್ಷಿತಜ್ಞರು ಭಾವಿಸುತ್ತಾರೆ.