ಅಮೆರಿಕದ ಫ್ಯಾಮಿಲಿ ಕ್ಲಿನಿಕ್ಕಿನಲ್ಲಿ ಡಾಕ್ಟರ ಬದಲು ನರ್ಸ್ ಪ್ರಾಕ್ಟೀಷನರ್ ನೋಡಿದರೆ ಸಾಕೇ?

ಮೈಸೂರಿನಿಂದ ಬಂದು ಟೆಕ್ಸಾಸಿನಲ್ಲಿ ನಿಮ್ಮೊಡನೆ ಇರುವ ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಫ್ಯಾಮಿಲಿ ಕ್ಲಿನಿಕ್ಕಿನವರು ಡಾಕ್ಟರ ಬದಲು ನರ್ಸ್ ಪ್ರಾಕ್ಟೀಷನರ್ ಬಳಿ ಸಮಯ ಕೊಟ್ಟಿದ್ದಾರೆ, ತಂದೆಯವರು “ಇಷ್ಟು ದುಡ್ಡು ಕೊಟ್ಟು ನರ್ಸಿಗೆ ತೋರಿಸಿಕೊಳ್ಳಬೇಕೇ” ಎಂದು ಬೇಸರಿಸಿಕೊಂಡಿದ್ದಾರೆ ಎಂದು ಬರೆದಿದ್ದೀರಿ. ನಾನು ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಇಲ್ಲಿಗೆ ಬಂದ ಮೇಲೆ ಮತ್ತೆ ಓದಿ, ಇದೇ ರಾಜ್ಯದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆಗಿರುವವಳು. ಆದ್ದರಿಂದ ನನ್ನ ಮಾತಿನಲ್ಲಿ ವೃತ್ತಿಯ ಅಭಿಮಾನ ಸ್ವಲ್ಪ ಸೇರಿರಬಹುದು, ಅದನ್ನು ಕಳೆದು ಓದಿಕೊಳ್ಳಿ. ನೀವು ಹೇಳಿದ ಎರಡು ಕಾಯಿಲೆಗಳ ಮಟ್ಟಿಗೆ ಧೈರ್ಯವಾಗಿ ಹೋಗಬಹುದು ಎಂಬುದು ನನ್ನ ಉತ್ತರ.

ತಂದೆಯವರ ಅಸಮಾಧಾನಕ್ಕೆ ‘ನರ್ಸ್’ ಎಂಬ ಪದವೇ ಕಾರಣ. ನಮ್ಮ ಕಡೆ ನರ್ಸ್ ಎಂದರೆ ಡಾಕ್ಟರು ಬರೆದ ಇಂಜೆಕ್ಷನ್ ಕೊಡುವ ಸಿಸ್ಟರ್. ಇಲ್ಲಿಯ ನರ್ಸ್ ಪ್ರಾಕ್ಟೀಷನರ್ ರೋಗಿಯನ್ನು ಪರೀಕ್ಷಿಸಿ, ರಕ್ತ ಪರೀಕ್ಷೆ ಬರೆದು, ರೋಗ ನಿರ್ಣಯಿಸಿ, ಔಷಧಿಯನ್ನೂ ಬರೆಯುತ್ತಾರೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಇದರ ಮೊದಲ ತರಬೇತಿಯನ್ನು ಆರಂಭಿಸಿದರು. ವೈದ್ಯರು ಸಿಗದ ಕಡೆಯ ಮಕ್ಕಳನ್ನು ನೋಡಿಕೊಳ್ಳಲು ಹುಟ್ಟಿದ ವ್ಯವಸ್ಥೆ ಆಮೇಲೆ ಇಡೀ ಕುಟುಂಬಕ್ಕೆ ಹಬ್ಬಿತು. ತಂದೆಯವರಿಗೆ ಊರಿನ ಉದಾಹರಣೆಯೇ ಬೇಕೆಂದರೆ, 2018ರ ನಂತರ ನಮ್ಮ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ನೆನಪಿಸಿ. ಬಿ.ಪಿ., ಸಕ್ಕರೆ ನೋಡಿ ಮಾತ್ರೆ ಕೊಡುವ ಅವರಲ್ಲಿಯೂ ಬಹಳ ಮಂದಿ ನರ್ಸಿಂಗ್ ಓದಿದವರೇ. ಅವರ ಅಧಿಕಾರ ನಮ್ಮದಕ್ಕಿಂತ ಬಹಳ ಕಡಿಮೆ, ಆದರೆ ಹಿಂದಿನ ಆಲೋಚನೆ ಒಂದೇ.

ಓದಿನ ವಿಷಯದಲ್ಲಿ ಮುಚ್ಚುಮರೆ ಬೇಡ. ನಾಲ್ಕು ವರ್ಷದ ನರ್ಸಿಂಗ್ ಪದವಿ, ಲೈಸೆನ್ಸ್, ಅದರ ಮೇಲೆ ಎರಡು ಮೂರು ವರ್ಷದ ಸ್ನಾತಕೋತ್ತರ ಓದು, ರಾಷ್ಟ್ರಮಟ್ಟದ ಪರೀಕ್ಷೆ ಇವೆಲ್ಲ ನಮಗಿದ್ದರೂ, ಮೆಡಿಕಲ್ ಕಾಲೇಜು ಮುಗಿಸಿದ ಮೇಲೆ ಫ್ಯಾಮಿಲಿ ಡಾಕ್ಟರು ಮೂರು ವರ್ಷ ಹಗಲಿರುಳು ಮಾಡುವ ರೆಸಿಡೆನ್ಸಿ ಎಂಬ ತರಬೇತಿಗೆ ನಮ್ಮ ಕೆಲವು ನೂರು ಗಂಟೆಗಳ ಕ್ಲಿನಿಕಲ್ ತರಬೇತಿ ಸಾಟಿಯಲ್ಲ. ಹಾಗಿದ್ದೂ 2000ದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲೇ ಪ್ರಕಟವಾದ ಅಧ್ಯಯನವೊಂದು, ನ್ಯೂಯಾರ್ಕಿನ 1,316 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದನ್ನು ಡಾಕ್ಟರಿಗೂ ಇನ್ನೊಂದನ್ನು ನರ್ಸ್ ಪ್ರಾಕ್ಟೀಷನರಿಗೂ ಒಪ್ಪಿಸಿ, ಆರು ತಿಂಗಳ ನಂತರ ನೋಡಿದಾಗ ಎರಡೂ ಗುಂಪುಗಳ ಆರೋಗ್ಯ ಹೆಚ್ಚುಕಡಿಮೆ ಒಂದೇ ಆಗಿತ್ತು. ಆರು ತಿಂಗಳಲ್ಲಿ ಸಕ್ಕರೆ ಕಾಯಿಲೆ ತನ್ನ ಪೂರ್ತಿ ಬಣ್ಣ ತೋರಿಸುವುದಿಲ್ಲ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಅವರಲ್ಲಿ ಕೆಲವರನ್ನು ಎರಡು ವರ್ಷಗಳ ಬಳಿಕ ನೋಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅಂಕಿಗಳಿಗಿಂತ ನನ್ನ ಕೋಣೆಯಲ್ಲಿ ನಡೆದ ಒಂದು ಭೇಟಿ ನಿಮಗೆ ಹೆಚ್ಚು ಉಪಯೋಗವಾದೀತು. ಮಗಳ ಮನೆಗೆಂದು ಬಂದಿದ್ದ ಹಿರಿಯರೊಬ್ಬರು ಮಾತ್ರೆಗಳನ್ನೆಲ್ಲ ಸೀರೆ ಅಂಗಡಿಯ ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದರು. ಅವರ ಪತ್ನಿ ಸ್ಟ್ರಿಪ್ಪುಗಳನ್ನು ಕತ್ತರಿಯಿಂದ ಒಂದೊಂದೇ ಮಾತ್ರೆಯಾಗಿ ಕತ್ತರಿಸಿ ಇಟ್ಟಿದ್ದರಿಂದ ಔಷಧಿಯ ಹೆಸರೇ ಹೋಗಿ, ಹಲವದರ ಮೇಲೆ ‘500’ ಎಂಬ ಅಂಕಿಯಷ್ಟೇ ಉಳಿದಿತ್ತು. ತುಂಡುಗಳನ್ನು ಮೇಜಿನ ಮೇಲೆ ಜೋಡಿಸುತ್ತ ಹೋದಾಗ, ಅದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಎರಡು ಔಷಧಿಗಳೂ ಸೇರಿದ ಮಾತ್ರೆ ಎಂದು ತಿಳಿಯಿತು. ಇಲ್ಲಿಗೆ ಬಂದ ಮೇಲೆ ಬೇರೊಂದು ಕಡೆ ಬರೆಸಿಕೊಂಡಿದ್ದ ಮೆಟ್‌ಫಾರ್ಮಿನ್ನನ್ನೂ ಅದರ ಜೊತೆಗೇ ನುಂಗುತ್ತಿದ್ದರು. ಹೊರಡುವ ಹೊತ್ತಿಗೆ ನಾನು “ಏಕಾದಶಿ ಮಾಡ್ತೀರಾ?” ಎಂದು ಕೇಳಿದೆ. “ಮಾಡ್ತೀವಮ್ಮ, ಆವತ್ತು ನೀರು ಬಿಟ್ಟು ಏನೂ ಇಲ್ಲ, ಮಾತ್ರೆ ಮಾತ್ರ ತಪ್ಪಿಸೋದಿಲ್ಲ” ಎಂದು ಆ ತಾಯಿ ಹೆಮ್ಮೆಯಿಂದಲೇ ಹೇಳಿದರು. ಆಗ ಮಗಳಿಗೆ ನೆನಪಾಯಿತು, ಹಿಂದಿನ ಏಕಾದಶಿಯ ಸಂಜೆ ಅಪ್ಪ ಬೆವರಿ, ತಡವರಿಸಿ ಮಾತಾಡಿದ್ದರು. ವಯಸ್ಸಿನ ಸುಸ್ತು ಎಂದು ಎಲ್ಲರೂ ಸುಮ್ಮನಾಗಿದ್ದರು. ಖಾಲಿ ಹೊಟ್ಟೆಯಲ್ಲಿ ಗ್ಲಿಮೆಪಿರೈಡ್ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.

ಆ ಪ್ರಶ್ನೆ ನನ್ನ ಬಾಯಿಗೆ ಬಂದದ್ದು ಪಠ್ಯದಿಂದಲ್ಲ, ನಮ್ಮಜ್ಜಿ ಏಕಾದಶಿ ಬಿಡುತ್ತಿರಲಿಲ್ಲವಾದ್ದರಿಂದ. ಅಷ್ಟೇ ಸಮಯ ಸಿಕ್ಕಿದ್ದರೆ ಒಳ್ಳೆಯ ಡಾಕ್ಟರೂ ಇದನ್ನು ಹಿಡಿಯುತ್ತಿದ್ದರು. ದೀರ್ಘಕಾಲದ ಕಾಯಿಲೆಗಳಲ್ಲಿ ಏನು ತಿನ್ನುತ್ತೀರಿ, ಮಾತ್ರೆ ಯಾರು ಕೊಡುತ್ತಾರೆ ಎಂದು ವಿಚಾರಿಸುವುದಕ್ಕೇ ಅರ್ಧ ಚಿಕಿತ್ಸೆ ಸಲ್ಲುತ್ತದೆ, ನರ್ಸಿಂಗ್ ಹಿನ್ನೆಲೆಯವರಿಗೆ ಅದು ಮೊದಲಿನಿಂದ ರೂಢಿ.

ಇನ್ನು ನಮ್ಮ ಮಿತಿ. ಹಲವು ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರುಗಳು ಸ್ವತಂತ್ರವಾಗಿ ಕ್ಲಿನಿಕ್ ನಡೆಸಬಹುದು. ಟೆಕ್ಸಾಸಿನಲ್ಲಿ ಹಾಗಲ್ಲ, ಔಷಧಿ ಬರೆಯಲು ಒಬ್ಬ ಡಾಕ್ಟರೊಡನೆ ಲಿಖಿತ ಒಪ್ಪಂದ ಇರಲೇಬೇಕು. ಈ ಕಟ್ಟುಪಾಡು ಸಡಿಲವಾಗಬೇಕು ಎಂಬುದು ನಮ್ಮವರ ಬೇಡಿಕೆ, ಬೇಡವೆಂಬುದು ವೈದ್ಯರ ಸಂಘಗಳ ವಾದ. ನನಗಂತೂ ಫೋನ್ ತೆಗೆದರೆ ಸಿಗುವ ಡಾಕ್ಟರೊಬ್ಬರು ಇರುವುದು ಭಾರವೆನಿಸಿಲ್ಲ. ಆದ್ದರಿಂದ ನೀವು ನೋಡಬೇಕಾದದ್ದು ಆಕೆ ಡಾಕ್ಟರೋ ನರ್ಸೋ ಎಂಬುದಕ್ಕಿಂತ, ಯಾವ ಹಂತದಲ್ಲಿ ತನ್ನಿಂದಾಗದು ಎಂದು ಮುಂದಕ್ಕೆ ಕಳಿಸುತ್ತಾರೆ ಎಂಬುದನ್ನು. “ಯಾವಾಗ ಡಾಕ್ಟರನ್ನು ಕೇಳುತ್ತೀರಿ, ಯಾರನ್ನು ಕೇಳುತ್ತೀರಿ” ಎಂದು ಮೊದಲ ದಿನವೇ ವಿಚಾರಿಸಿ. ತಡವರಿಸದೆ ಉತ್ತರ ಬಂದರೆ ನಿಶ್ಚಿಂತೆ. ಪ್ರಶ್ನೆಗೇ ಮುಖ ಸಿಂಡರಿಸಿದರೆ ಬೇರೆ ಕ್ಲಿನಿಕ್ ಹುಡುಕಿ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಎರಡು ಮೂರು ಭೇಟಿಯಾದರೂ ರೋಗ ಏನೆಂದು ತಿಳಿಯದಿದ್ದರೆ, ಡಾಕ್ಟರೇ ನೋಡಬೇಕೆಂದು ಹೇಳಲು ಸಂಕೋಚ ಬೇಡ. ಎದೆನೋವು ಬಂದರೆ ಯಾವ ಕ್ಲಿನಿಕ್ಕಿಗೂ ಕಾಯದೆ 911ಕ್ಕೆ ಕರೆ ಮಾಡಿ.

ದುಡ್ಡಿನ ವಿಷಯದಲ್ಲಿ ತಂದೆಯವರ ಮಾತಿನಲ್ಲಿ ಸತ್ಯವಿದೆ. ಹಿರಿಯರಿಗಾಗಿ ಇಲ್ಲಿಯ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ನಮಗೆ ಡಾಕ್ಟರ ದರದ ಶೇಕಡಾ 85ರಷ್ಟನ್ನೇ ಕೊಡುತ್ತದೆ, ಆದರೆ ರೋಗಿ ಕೈಯಿಂದ ಕಟ್ಟುವ ಹಣ ಅನೇಕ ಕಡೆ ಅಷ್ಟೇ ಇರುತ್ತದೆ. ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ. ಹೋಗುವ ದಿನ ಊರಿನ ಮಾತ್ರೆಗಳನ್ನು ಕತ್ತರಿಸದ ಸ್ಟ್ರಿಪ್ಪಿನಲ್ಲೇ ಒಯ್ಯಿರಿ, ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕೊನೆಯ ಕ್ರಿಯಾಟಿನಿನ್ ವರದಿ ಇದ್ದರೆ ಅದನ್ನೂ. ಉಪವಾಸವೋ ಕಷಾಯವೋ ಇದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.