ಬಳ್ಳಿ ಸೊಂಪಾಗಿದೆ, ಕಾಯಿ ಮಾತ್ರ ಇಲ್ಲ ಅಂದರೆ ಕತ್ತರಿ ಹಿಡಿಯಿರಿ

ಮೂರು ವರ್ಷದಿಂದ ಬೆಂಗಳೂರು ನೀಲಿ ದ್ರಾಕ್ಷಿಯ ಬಳ್ಳಿ ಟೆರೇಸ್ ತುಂಬಾ ಹಬ್ಬಿದೆ, ಆದರೆ ಕಾಯಿ ನಾಲ್ಕೇ ಗೊಂಚಲು, ಇದರಿಂದ ವೈನ್ ಮಾಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ನೀವು ಬಳ್ಳಿಯನ್ನು ಒಮ್ಮೆಯೂ ಸವರಿಲ್ಲ, ಅಂದರೆ ಕಡ್ಡಿ ಕತ್ತರಿಸಿಲ್ಲ ಅನ್ನಿಸುತ್ತದೆ.

ನಾನು ದೊಡ್ಡಬಳ್ಳಾಪುರದ ಕಡೆಯವನು. ನಮ್ಮ ಮನೆ ಚಪ್ಪರದಲ್ಲೂ ಇದೇ ಆಗಿತ್ತು. ಹಸಿರು ಕಡ್ಡಿ ಕತ್ತರಿಸಲು ಮನಸ್ಸೇ ಬರುತ್ತಿರಲಿಲ್ಲ. ಆದರೆ ದ್ರಾಕ್ಷಿ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆ ಚಿಗುರು ಬರಬೇಕಾದದ್ದು ಚೆನ್ನಾಗಿ ಬಲಿತು ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯ ಕಣ್ಣಿನಿಂದ (ಚಿಗುರೊಡೆಯುವ ಮೊಗ್ಗು). ಸವರದೆ ಬಿಟ್ಟರೆ ಬಳ್ಳಿ ತುದಿಯಲ್ಲೇ ಬೆಳೆಯುತ್ತಾ ಹೋಗುತ್ತದೆ, ಒಳಗಿನ ಕಣ್ಣುಗಳಿಗೆ ಬಿಸಿಲೇ ಸಿಗುವುದಿಲ್ಲ. ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ, ಬಲಿತ ಕಡ್ಡಿಯಲ್ಲಿ 3-4 ಕಣ್ಣು ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿ. ಚಪ್ಪರ ಬೋಳಾಗಿ ಕಾಣುತ್ತದೆ, ಹೆದರಬೇಡಿ. ಎರಡು ವಾರದೊಳಗೆ ಚಿಗುರುತ್ತದೆ, ಹಣ್ಣು ನಾಲ್ಕೈದು ತಿಂಗಳಿಗೆ.

ಈ ತಳಿಗೆ ಬೂಜು ರೋಗ ಬೇಗ ಬರುತ್ತದೆ. 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, 1 ಲೀಟರ್ ನೀರು: ಇದೇ ಬೋರ್ಡೋ ದ್ರಾವಣ, ಬೂಜು ತಡೆಯುವ ಔಷಧಿ. ಸವರಿದ ಮೇಲೆ ಒಮ್ಮೆ ಸಿಂಪಡಿಸಿ. ಕಾಯಿ ಬಂದ ಮೇಲೆ ಬೇಡ.

ಕಪ್ಪಾದ ಕೂಡಲೇ ಕೊಯ್ಯಬೇಡಿ, ಬಹಳ ಜನ ಇಲ್ಲೇ ಎಡವುತ್ತಾರೆ. ಬಣ್ಣ ಮೊದಲು ಬರುತ್ತದೆ, ಸಿಹಿ ಆಮೇಲೆ. ಕೊಯ್ದ ದ್ರಾಕ್ಷಿ ಮಾವಿನ ಹಾಗೆ ಮನೆಯಲ್ಲಿ ಹಣ್ಣಾಗುವುದಿಲ್ಲ. ಬೆಂಗಳೂರು ನೀಲಿಯಲ್ಲಿ ಸಕ್ಕರೆ ಸುಮಾರು 16-18 ಬ್ರಿಕ್ಸ್ (ರಸದ ಸಿಹಿಯ ಅಳತೆ) ಅಷ್ಟೇ, ವೈನ್ ದ್ರಾಕ್ಷಿಗೆ 22-24 ಇರುತ್ತದೆ. ಲೀಟರ್ ರಸಕ್ಕೆ 17 ಗ್ರಾಂ ಸಕ್ಕರೆ ಅಂದರೆ ಹತ್ತಿರಹತ್ತಿರ ಶೇ. 1 ಆಲ್ಕೋಹಾಲ್. ಹಾಗಾಗಿ ಲೀಟರ್ ರಸಕ್ಕೆ 40 ಗ್ರಾಂ ಸಕ್ಕರೆ ಸೇರಿಸಿದರೆ ಸಾಕು, ಕೆಲವರು ಕೆಜಿ ಹಣ್ಣಿಗೆ ಕೆಜಿ ಸಕ್ಕರೆ ಸುರಿಯುತ್ತಾರಲ್ಲ, ಅದರಲ್ಲಿ ದ್ರಾಕ್ಷಿಯ ರುಚಿಯೇ ಉಳಿಯುವುದಿಲ್ಲ.

5 ಕೆಜಿ ಹಣ್ಣಿಗೆ 3 ಲೀಟರ್ ವೈನ್ ಬಂದರೆ ಒಳ್ಳೆಯದು. ಸಿಪ್ಪೆ ಸಮೇತ ಹಿಸುಕಿ, ವೈನ್ ಯೀಸ್ಟ್ ಹಾಕಿ, ಜಾಡಿಯ ಕಾಲು ಭಾಗ ಖಾಲಿ ಬಿಟ್ಟು ಬಟ್ಟೆ ಕಟ್ಟಿ. ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆ ಎರಡು ಸಲ ಒಳಕ್ಕೆ ಒತ್ತಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ವಾರದ ನಂತರ ಸೋಸಿ. ಗುಳ್ಳೆ ಪೂರ್ತಿ ನಿಲ್ಲುವ ತನಕ ಬಾಟಲಿ ಬಿರಡೆ ಬಿಗಿ ಮಾಡಬೇಡಿ, ಗಾಜು ಸಿಡಿಯಬಹುದು. ಇನ್ನೊಂದು, ಅಬಕಾರಿ ಕಾನೂನಿನಲ್ಲಿ ಪರವಾನಗಿ ಇಲ್ಲದೆ ಮದ್ಯ ಮಾಡುವಂತಿಲ್ಲ. ಅದನ್ನು ಮೊದಲು ವಿಚಾರಿಸಿಕೊಳ್ಳಿ, ಮಾರುವ ಯೋಚನೆಯಂತೂ ಬೇಡವೇ ಬೇಡ.

ಮತ್ತೆ, ಸವರಿದ ಕಡ್ಡಿ ಸುಮ್ನೆ ಎಸೆಯಬೇಡಿ. ಪೆನ್ಸಿಲ್ ದಪ್ಪದವನ್ನು ಆರಿಸಿ ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಕಣ್ಣು ಒಳಗೆ ಹೋಗುವಂತೆ ಊರಿ, ಬೇರು ಬಿಡುತ್ತವೆ. ಪಕ್ಕದ ಮನೆಯವರಿಗೂ ಒಂದು ಕೊಡಬಹುದು.